ಬರ್ಮೀಸ್, ಕೊರಿಯನ್ ಎರಡೂ ನೆಂಟರಾ? ಕನ್ನಡದವರಿಗೆ ಯಾವುದು ಸಲೀಸು?

ಹಂಪೆ_ಹಕ್ಕಿ
ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ ಎಂ.ಎಸ್. ಓದ್ತಾ ಇದೀನಿ. ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್ ಯಾಂಗೋನ್‌ನವಳು. ಇಬ್ಬರೂ ಒಂದೇ ಕೊರಿಯನ್ ಕ್ಲಾಸಿಗೆ ಹೋಗ್ತೀವಿ. ಕ್ರಿಯಾಪದ ಕೊನೆಗೇ ಬರಬೇಕು ಅಂದ್ರೆ ಕ್ಲಾಸಲ್ಲಿರೋ ಫ್ರಾನ್ಸ್, ಬ್ರೆಜಿಲ್ ಕಡೆಯವರು ತಲೆ ಚಚ್ಚಿಕೊಳ್ತಾರೆ. ನಾವಿಬ್ಬರು ಮಾತ್ರ ನಮ್ಮ ನಮ್ಮ ಭಾಷೆಯಲ್ಲಿ ಯೋಚಿಸಿ, ಪದದ ಜಾಗಕ್ಕೆ ಪದ ಇಟ್ಟು ಮುಗಿಸಿಬಿಡ್ತೀವಿ.

ಅವಳ ವಾದ ಏನಂದ್ರೆ ಬರ್ಮೀಸ್, ಕೊರಿಯನ್ ಎರಡೂ ಒಂದೇ ಬೇರಿನವು. ಸಾಕ್ಷಿಗೆ ಎಣಿಕೆ ತೋರಿಸ್ತಾಳೆ. ಒಂಬತ್ತಕ್ಕೆ ಕೊರಿಯನ್‌ನಲ್ಲಿ "ಗು", ಬರ್ಮೀಸ್‌ನಲ್ಲಿ "ಕೋ". ಮೂರಕ್ಕೆ ಇಲ್ಲಿ "ಸಾಮ್", ಅಲ್ಲಿ ಹೇಳೋದು "ಥೋನ್" ಆದ್ರೂ ಬರೆಯೋದು "ಸುಂ" ಅಂತ. ಕೇಳಿದ್ರೆ ಹೌದಲ್ಲ ಅನಿಸುತ್ತೆ. ಎರಡು ಪ್ರಶ್ನೆ: ಇದು ನಿಜವಾ? ಮತ್ತೆ ಅವಳು ಬರ್ಮೀಸ್ ಕಲಿಸ್ತೀನಿ ಅಂತ ಹಟ ಹಿಡಿದಿದಾಳೆ, ಕನ್ನಡದವರಿಗೆ ಯಾವುದು ಬೇಗ ಹತ್ತುತ್ತೆ?

ಮಾವಿನ_ಓಟೆ
ಕೊರಿಯನ್ ಕಲೀರಿ. ಸೀರಿಯಲ್ ನೋಡೋಕಾದ್ರೂ ಆಗುತ್ತೆ.

ವ್ಯಾಕರಣ_ವೈರಿ
ನೆಂಟಸ್ತಿಕೆ ಇಲ್ಲ. ಬರ್ಮೀಸ್ ಟಿಬೆಟನ್, ಚೀನೀ ಭಾಷೆಗಳ ಕುಟುಂಬದ್ದು, ಸೈನೋ-ಟಿಬೆಟನ್. ಕೊರಿಯನ್ ಹತ್ತಿರ ಇರೋದು ಜೆಜು ದ್ವೀಪದ ಮಾತೊಂದೇ. ಅದನ್ನು ತುರ್ಕಿ, ಮಂಗೋಲಿಯನ್ ಜೊತೆ ಸೇರಿಸಿ ಆಲ್ಟಾಯಿಕ್ ಅಂತ ಕರೀತಿದ್ದ ಕಾಲ ಇತ್ತು, ಈಗ ಆ ಮಾತನ್ನ ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲ್ಲ.

ಎಣಿಕೆ ವಿಷಯಕ್ಕೆ ಬನ್ನಿ. ಕೊರಿಯನ್‌ನಲ್ಲಿ ಎರಡು ಎಣಿಕೆ ಇದೆ ಅಂತ ನಿಮ್ಮ ಗೆಳತಿ ಮರೆತಿದಾರೆ. ಹನಾ, ದುಲ್, ಸೆತ್, ನೆತ್, ದಾಸೊತ್ ಅನ್ನೋದು ಅವರ ಸ್ವಂತದ್ದು. ಇಲ್, ಇ, ಸಾಮ್, ಸಾ, ಓ, ಯುಕ್, ಚಿಲ್, ಪಾಲ್, ಗು, ಶಿಪ್ ಅನ್ನೋದು ಚೀನೀಯಿಂದ ತಂದದ್ದು. ಬರ್ಮೀಸ್ ಚೀನೀ ಭಾಷೆಗೆ ದೂರದ ದಾಯಾದಿ. ಹಾಗಾಗಿ ಬರ್ಮೀಸ್ ಮನೆಯಲ್ಲಿ ಹುಟ್ಟಿದ ಅಂಕಿಗೂ ಕೊರಿಯನ್ನರು ಸಾಲ ತಂದ ಅಂಕಿಗೂ ಮುಖ ಹೋಲುತ್ತೆ. ಇಬ್ಬರ ಸ್ವಂತ ಎಣಿಕೆ ಪಕ್ಕಪಕ್ಕ ಇಟ್ಟು ನೋಡಿ, ಹನಾ-ದುಲ್-ಸೆತ್‌ಗೂ ತಿ-ಹ್ನಿ-ಥೋನ್‌ಗೂ ಒಂದಾದರೂ ಹೊಂದುತ್ತಾ?

ಬೈಲಕುಪ್ಪೆ_ಬಸ್ಸು
ಇದಕ್ಕೆ ಒಂದು ಸೇರಿಸ್ತೀನಿ. ಕುಶಾಲನಗರದ ಪಕ್ಕ ಬೈಲಕುಪ್ಪೆಗೆ ಹೋಗಿ ಟಿಬೆಟನ್ ಅಂಗಡಿಯವರ ಹತ್ರ ಒಂದರಿಂದ ಹತ್ತು ಎಣಿಸೋಕೆ ಹೇಳಿ. ಎರಡು "ನಿ", ಮೂರು "ಸುಮ್", ಐದು "ಙ", ಒಂಬತ್ತು "ಗು". ಬರ್ಮೀಸ್‌ನಲ್ಲಿ ಐದು "ಙಾ". "ನಾನು" ಅನ್ನೋದಕ್ಕೂ ಟಿಬೆಟನ್‌ನಲ್ಲಿ "ಙ", ಬರ್ಮೀಸ್‌ನಲ್ಲಿ "ಙಾ". ಅಂಕಿ, ಸರ್ವನಾಮ, ಮೈಯ ಅಂಗಗಳ ಹೆಸರು ಎಲ್ಲ ಒಟ್ಟಿಗೆ, ಒಂದು ನಿಯಮಕ್ಕೆ ಕಟ್ಟುಬಿದ್ದು ಹೊಂದಬೇಕು. ನೆಂಟಸ್ತಿಕೆ ಅಂದ್ರೆ ಅದು.

ಕೊರಿಯನ್ ಐದು "ಓ" ಆಗಿದ್ದು ಹೇಗೆ ಗೊತ್ತಾ? ಹಳೇ ಚೀನೀಲಿ ಅದರ ಮುಂದೆ ಙ ಇತ್ತು. ಕೊರಿಯನ್ನರ ನಾಲಿಗೆಯಲ್ಲಿ ಪದದ ಮೊದಲಿಗೆ ಙ ನಿಲ್ಲಲ್ಲ, ಬಿದ್ದುಹೋಯ್ತು. ಕ್ಯಾಂಟನೀಸ್‌ನವರು ಈಗಲೂ ಐದಕ್ಕೆ ಬರೀ "ಙ್" ಅಂತಾರೆ.

ಮಾವಿನ_ಓಟೆ
ಙ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ತು. ಒಂದನೇ ಕ್ಲಾಸಲ್ಲಿ ಬರೆದಿದ್ದು ಬಿಟ್ರೆ ಇವತ್ತೇ ನೋಡ್ತಿರೋದು.

ಕುಡ್ಲ_ಕಡಲು
ಅದೆಲ್ಲ ಬಿಡಿ ಮಾರಾಯ್ರೆ, ಕೊರಿಯನ್‌ನಲ್ಲಿ ಅಪ್ಪನಿಗೆ "ಅಪ್ಪಾ", ಅಮ್ಮನಿಗೆ "ಒಮ್ಮಾ" ಉಂಟಲ್ಲ? ನಾನು "ನಾ", ನೀನು "ನೊ". ಇದು ದ್ರಾವಿಡ ಅಲ್ಲದೆ ಮತ್ತೇನು? ಹೋಮರ್ ಹಲ್ಬರ್ಟ್ ಅಂತ ಒಬ್ಬ ಅಮೆರಿಕದವ, ಸೋಲ್‌ನಲ್ಲಿ ಮೇಷ್ಟ್ರಾಗಿದ್ದವ, 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣ ಹೋಲಿಸಿ ಪುಸ್ತಕ ಬರೆದಿದ್ದಾನೆ. ನಾವು ಕೊರಿಯನ್ ಬಿಟ್ಟು ಬರ್ಮೀಸ್ ಹಿಂದೆ ಯಾಕೆ ಹೋಗ್ಬೇಕು?

ವ್ಯಾಕರಣ_ವೈರಿ
ಬಂತಪ್ಪ ಅಪ್ಪ-ಅಮ್ಮ! ನಾಲ್ಕನೇ ಉತ್ತರದೊಳಗೆ ಬರುತ್ತೆ ಅಂದ್ಕೊಂಡಿದ್ದೆ, ಸ್ವಲ್ಪ ತಡ ಆಯ್ತು.

ಕೂಸಿನ ಬಾಯಲ್ಲಿ ಮೊದಲು ಹೊರಡೋದೇ ತುಟಿ ಸೇರಿಸಿ ಆಡೋ ಪ, ಬ, ಮ. ಹೆತ್ತವರು ಅದನ್ನ ತಮ್ಮನ್ನೇ ಕರೆದದ್ದು ಅಂದ್ಕೊಂಡು ಖುಷಿಪಡ್ತಾರೆ. ಜಗತ್ತಿನ ತುಂಬ ಇದೇ ಕಥೆ. ಜಾರ್ಜಿಯನ್ ಭಾಷೆಯಲ್ಲಿ "ಮಾಮಾ" ಅಂದ್ರೆ ಅಪ್ಪ! ಬರ್ಮೀಸ್‌ನಲ್ಲೂ ಅಮ್ಮ "ಅಮೇ", ಅಪ್ಪ "ಅಫೇ". ಇನ್ನು ನಾ-ನೊ. ಬರ್ಮೀಸ್‌ನಲ್ಲಿ ಸಲಿಗೆಯ "ನೀನು" ಹೇಗೆ ಗೊತ್ತಾ? "ನಿನ್". ನಿಮ್ಮ ಲೆಕ್ಕದಲ್ಲಿ ಕೊರಿಯನ್ "ನೊ"ಗಿಂತ ಇದು ನಮಗೆ ಹತ್ತಿರ. ಹಾಗಂತ ಬರ್ಮೀಸನ್ನೂ ದ್ರಾವಿಡಕ್ಕೆ ಸೇರಿಸ್ತೀರಾ? ಎರಡನ್ನೂ ಸೇರಿಸಿ, ಇಲ್ಲ ಎರಡನ್ನೂ ಬಿಡಿ.

ಕುಡ್ಲ_ಕಡಲು
ನೀವು ಒಂದೊಂದು ಪದ ಹಿಡಿದು ಬಡಿದ್ರೆ ಯಾವ ನೆಂಟಸ್ತಿಕೆಯೂ ಉಳಿಯೋದಿಲ್ಲ. ಹಲ್ಬರ್ಟ್ ವಾಕ್ಯರಚನೆ ಹೋಲಿಸಿದ್ದು. ಅಯೋಧ್ಯೆಯ ರಾಣಿ ಕಥೆಯೂ ಉಂಟಲ್ಲ, ಅದಕ್ಕೆ ಏನು ಹೇಳ್ತೀರಿ?

ಗೋಳಗುಮ್ಮಟ
ಅಯೋಧ್ಯೆ ಅಂತ ಮೂಲದಲ್ಲಿ ಇಲ್ಲರೀ, "ಅಯುತಾ" ಅಂತ ಅದ. 13ನೇ ಶತಮಾನದಾಗ ಇರ್ಯೊನ್ ಅನ್ನೊ ಬೌದ್ಧ ಭಿಕ್ಷು ಸಂಗ್ರಹಿಸಿದ ಸಾಮ್‌ಗುಕ್ ಯುಸಾ ಅನ್ನೊ ಪುಸ್ತಕದಾಗ ಬರೋ ಕಥಿ. ರಾಣಿ ಹೊ ಹ್ವಾಂಗ್-ಓಕ್ ಕ್ರಿ.ಶ. 48ರಾಗ ಹಡಗದಾಗ ಬಂದು ಕೊರಿಯಾದ ಗಯಾ ಅನ್ನೊ ರಾಜ್ಯದ ರಾಜಾ ಕಿಮ್ ಸುರೋನ್ನ ಮದುವಿ ಆದ್ಲು ಅಂತ. ಅಂದ್ರ ನಡೆದದ್ದು ಅಂತ ಹೇಳೋ ಕಾಲಕ್ಕೂ ಬರೆದ ಕಾಲಕ್ಕೂ ಸಾವಿರದ ಇನ್ನೂರು ವರ್ಷದ ಅಂತರ. 2001ರಾಗ ಅಯೋಧ್ಯೆಯೊಳಗ ಸ್ಮಾರಕ ಕಟ್ಟ್ಯಾರ, ತಮಿಳರು ಅದು ಕನ್ಯಾಕುಮಾರಿ ಕಡೆದು ಅಂತಾರ. ಕಥಿ ಛಲೋ ಅದ. ಆದ್ರ ಒಬ್ಬಾಕಿ ರಾಣಿ ಬಂದ್ರ ಇಡೀ ದೇಶದ ವ್ಯಾಕರಣ ಬದಲಾಗತದೇನ್ರಿ?

ಹಂಪೆ_ಹಕ್ಕಿ
ನೆಂಟಸ್ತಿಕೆ ಇಲ್ಲ ಅಂತಾನೇ ಇಟ್ಕೊಳ್ಳಿ. ಮತ್ತೆ ಪದದ ಜಾಗಕ್ಕೆ ಪದ ಇಟ್ರೆ ಸರಿಹೋಗೋದು ಹೇಗೆ? "ನಾನು ಓದಿದ ಪುಸ್ತಕ" ಅನ್ನೋದಕ್ಕೆ ಕೊರಿಯನ್‌ನಲ್ಲಿ "ನೆಗಾ ಇಲ್ಗುನ್ ಚೆಕ್". ನಾನು, ಓದಿದ, ಪುಸ್ತಕ. ಬರ್ಮೀಸ್‌ನಲ್ಲಿ ಹುಡುಗಿ ಹೇಳೋದಾದ್ರೆ "ಚಮ ಫಾ' ದೆ ಸಾಓ'". ಅದೂ ಅದೇ ಕ್ರಮ. (ಕೊನೆಗೆ ಹಾಕಿದ ' ಗುರುತು ಗಂಟಲು ತಟ್ಟನೆ ಮುಚ್ಚೋದಕ್ಕೆ. ಅವಳು ಹೇಳಿಕೊಟ್ಟಿದ್ದು.)

ಸೀಗೆಬೇಲಿ
ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಕೆಳಗೆ ಸರಿಸಿ.

ಕ್ರಿಯಾಪದ ಕೊನೆಗೆ ಬರೋ ಭಾಷೆ ಜಗತ್ತಲ್ಲಿ ಬೇಕಾದಷ್ಟಿವೆ. ಒಮ್ಮೆ ಕ್ರಿಯಾಪದ ಕೊನೆಗೆ ಹೋಯ್ತು ಅಂದ್ರೆ ವಿಭಕ್ತಿ ನಾಮಪದದ ಹಿಂದೆ, ವಿಶೇಷಣ ವಾಕ್ಯ ನಾಮಪದದ ಮುಂದೆ ಬರೋದು ಸಾಮಾನ್ಯ. ಅಷ್ಟಕ್ಕೆ ಬೆರಗಾಗೋದು ಬೇಡ. ಬೆರಗು ಇರೋದು ಒಂದು ಕ್ರಿಯಾಪದದ ಬಾಲಕ್ಕೆ ಇನ್ನೊಂದು ಸೇರಿಸೋ ರೀತಿಯಲ್ಲಿ.

ನಾವು "ತಿಂದು ನೋಡು" ಅಂತೀವಿ. ಕಣ್ಣಿಂದ ನೋಡೋದಲ್ಲ, ರುಚಿ ಹೇಗಿದೆ ಅಂತ ಪ್ರಯತ್ನಿಸೋದು. ಕೊರಿಯನ್‌ನಲ್ಲಿ "ಮೊಗೊ ಬ್ವಾ". ತಿನ್ನು, ನೋಡು. ಬರ್ಮೀಸ್‌ನಲ್ಲಿ "ಸಾ ಚಿ". ತಿನ್ನು, ನೋಡು. "ಮಾಡಿಕೊಡು" ಕೊರಿಯನ್‌ನಲ್ಲಿ "ಹೆ ಜ್ವೊ", ಬರ್ಮೀಸ್‌ನಲ್ಲಿ "ಲೋ' ಪೇ", ಎರಡರಲ್ಲೂ ಎರಡನೇ ಪದ "ಕೊಡು". "ಮಾಡಿಟ್ಟಿದೀನಿ" ಅನ್ನೋ ಕಡೆ ಕೊರಿಯನ್ "ಹೆ ದ್ವೊಸ್ಸೊ", ಬರ್ಮೀಸ್ "ಲೋ' ಥಾ ದೆ", ಎರಡರಲ್ಲೂ "ಇಡು". "ತಿಂದುಬಿಟ್ಟೆ"ಗೆ ಕೊರಿಯನ್ನರು "ಎಸೆ" ಅನ್ನೋ ಕ್ರಿಯಾಪದ ಹಚ್ತಾರೆ, "ಮೊಗೊ ಬೊರ್ಯೊಸ್ಸೊ". ಬರ್ಮೀಸ್‌ನಲ್ಲೂ "ಎಸೆ" ಹಚ್ಚೋದುಂಟು, ಬೇಕಂತಲೇ ಮಾಡಿ ಮುಗಿಸಿದ್ದಕ್ಕೆ.

ಇಂಗ್ಲಿಷ್‌ನವನಿಗೆ ಇದನ್ನ ವಿವರಿಸೋಕೆ ಒಂದು ಅಧ್ಯಾಯ ಬೇಕು. ನಮಗೆ ಒಂದು ವಾಕ್ಯ ಸಾಕು.

ವ್ಯತ್ಯಾಸ ಇಲ್ಲ ಅಂತಲ್ಲ. ನಾವು "ತಿಂದು", ಕೊರಿಯನ್ನರು "ಮೊಗೊ" ಅಂತ ಮೊದಲ ಕ್ರಿಯಾಪದಕ್ಕೆ ಪ್ರತ್ಯಯ ಹಚ್ಚಿ ಆಮೇಲೆ ಎರಡನೇದನ್ನ ಜೋಡಿಸ್ತೀವಿ. ಬರ್ಮೀಸ್‌ನವರು ಅದೂ ಇಲ್ಲದೆ ಬರೀ ಧಾತುಗಳನ್ನ ಸಾಲಾಗಿ ನಿಲ್ಲಿಸ್ತಾರೆ. ಬಂದೆ, ಬಂದಳು, ಬಂದರು ಅನ್ನೋ ನಮ್ಮ ಪುರುಷ-ಲಿಂಗ-ವಚನದ ಗೊಡವೆ ಅವರಿಬ್ಬರಿಗೂ ಇಲ್ಲ, ಅದೃಷ್ಟವಂತರು. ನಿಷೇಧದಲ್ಲೂ ವ್ಯತ್ಯಾಸ ಇದೆ. ನಾವು "ಹೋಗಲ್ಲ" ಅಂತ ಕೊನೆಗೆ ಹೇಳ್ತೀವಿ. ಕೊರಿಯನ್ "ಆನ್ ಗಾ", ಬರ್ಮೀಸ್ "ಮ ಥ್ವಾ ಬು", ಇಬ್ಬರೂ ಕ್ರಿಯಾಪದದ ಮುಂದೆ ನಿಷೇಧ ಇಡ್ತಾರೆ (ಕೊರಿಯನ್‌ನಲ್ಲಿ ನಮ್ಮ ಹಾಗೆ ಹಿಂದೆ ಇಡೋ "ಗಾಜಿ ಆನಾ" ರೂಪವೂ ಇದೆ). ಬರ್ಮೀಸ್‌ನಲ್ಲಿ ಹಿಂದೆಯೂ ಒಂದು ಬಾಲ.

ಧಾರವಾಡ_ಫೇಡೆ
ಭಾರಿ ಬರದೀರಿ. "ಅಂತೆ" ಬಿಟ್ಟಿರಲ್ಲ ಆದ್ರ? ನಾ ಕೊರಿಯನ್ ಕಲಿಯೊ ಮುಂದ ಮೊದ್ಲು ಹಿಡಿಸಿದ್ದ ಅದು.

"ಮಳಿ ಬರತದಂತ" ಅನ್ನೋದಕ್ಕ ಅವರು "ಬಿ ಒನ್‌ದೆ" ಅಂತಾರ. ನಾ ಹೇಳಿದ್ದಲ್ಲ, ಯಾರೋ ಹೇಳ್ಯಾರ, ಸುಳ್ಳಾದ್ರ ನನ್ನ ಕೇಳಬ್ಯಾಡ್ರಿ ಅನ್ನೋ ಅರ್ಥ ಪೂರಾ ಅದರಾಗ ಬಂದುಬಿಡ್ತದ.

ಸೀಗೆಬೇಲಿ
ಬರ್ಮೀಸ್‌ನಲ್ಲೂ ಇದೆ! "ಮೋ ಯ್ವಾ ಮೆ ದೆ". ಮಳೆ ಸುರಿಯುತ್ತಂತೆ. ಕೊನೆಯ "ದೆ"ನೇ ಅಂತೆ.

ಕುಡ್ಲ_ಕಡಲು
ತುಳುವಿನಲ್ಲಿ "ಗೆ". ಬರ್ಸ ಬರ್ಪುಂಡುಗೆ. ಈಗ ಹೇಳಿ, ಕೊರಿಯನ್ "ದೆ", ಬರ್ಮೀಸ್ "ದೆ" ಒಂದೇ ಉಂಟಲ್ಲ? ಅದೂ ಕಾಕತಾಳೀಯವೇ?

ವ್ಯಾಕರಣ_ವೈರಿ
ಹೌದು, ಕಾಕತಾಳೀಯವೇ. ಕೊರಿಯನ್ "ದೆ" ಅನ್ನೋದು "ದಾಗೋ ಹೆ" ಕುಗ್ಗಿ ಆಗಿದ್ದು, "ಅಂತ ಹೇಳ್ತಾರೆ" ಅಂತ ಅರ್ಥ. ಉದ್ದದ ರೂಪ ಈಗಲೂ ಬಳಕೆಯಲ್ಲಿದೆ, ಯಾರು ಬೇಕಾದ್ರೂ ನೋಡಬಹುದು. ನಮ್ಮ "ಅಂತೆ"ಯೂ ಅನ್ನು ಧಾತುವಿಂದ ಬಂದದ್ದೇ. "ಹೇಳು" ಅನ್ನೋ ಪದ ಸವೆದು ಪ್ರತ್ಯಯ ಆಗೋ ದಾರಿ ಬೇರೆ ಬೇರೆ ಭಾಷೆಗಳು ತಾವೇ ಹಿಡಿದಿವೆ. ಅದಕ್ಕೆ ರಾಣಿಯೂ ಬೇಡ, ಹಡಗೂ ಬೇಡ.

ಹಂಪೆ_ಹಕ್ಕಿ
ರೂಮ್‌ಮೇಟ್‌ಗೆ ಓದಿ ಹೇಳಿದೆ. "ದೆ" ವಿಷಯಕ್ಕೆ ಬಿದ್ದು ಬಿದ್ದು ನಕ್ಕಳು. ಅವರಲ್ಲಿ "ಹೋದ" ಅನ್ನೋದು "ಥ್ವಾ ದೆ". "ಹೋದನಂತೆ" ಅನ್ನೋದು "ಥ್ವಾ ದೆ ದೆ". ಮೊದಲ ದೆ ತಗ್ಗಿನಲ್ಲಿ ಎಳೀಬೇಕು, ಎರಡನೇದು ಗಂಟಲು ಬಿಗಿಹಿಡಿದು ಚುಟುಕಾಗಿ ಮುಗಿಸಬೇಕು. ನಾನು ಬರೆದ "ಚಮ ಫಾ' ದೆ ಸಾಓ'" ನಡುವಿನ ದೆ ಕೂಡ ಈ ಬಿಗಿಹಿಡಿದದ್ದೇ. ನನಗೆ ಮೂರೂ ಒಂದೇ ಥರ ಕೇಳಿಸುತ್ತೆ.

ಮಾವಿನ_ಓಟೆ
ಥ್ವಾ ದೆ ದೆ. ಯಕ್ಷಗಾನದ ಚೆಂಡೆ ಇದ್ದ ಹಾಗಿದೆ.

ಬೈಲಕುಪ್ಪೆ_ಬಸ್ಸು
ಇಲ್ಲೇ ನೋಡಿ ಬರ್ಮೀಸ್ ಕಷ್ಟ ಆಗೋದು. ವ್ಯಾಕರಣ ಮನೆಯದು ಅನ್ನಿಸಿದ್ರೂ ಸ್ವರ ಪರದೇಶದ್ದು. "ಸಾ" ತಗ್ಗಿಸಿ ಹೇಳಿದ್ರೆ ಬರಹ, ಪತ್ರ. ಎತ್ತರಿಸಿ ಎಳೆದ್ರೆ ತಿನ್ನು. ಗಂಟಲು ಬಿಗಿದು ಕಡಿದ್ರೆ ಆರಂಭಿಸು. ಇನ್ನು ಮಹಾಪ್ರಾಣ ಹಚ್ಚಿದ "ಸ್ಹಾ" ಬೇರೆ ಅಕ್ಷರ, ಅರ್ಥ ಉಪ್ಪು ಅಥವಾ ಹಸಿವು, ಮತ್ತೆ ಸ್ವರದ ಮೇಲೆ. ಬರ್ಮೀಸ್ ಹೋಟೆಲಲ್ಲಿ ಊಟ ಕೇಳೋ ಮುಂಚೆ ಸಂಗೀತ ಮೇಷ್ಟ್ರ ಹತ್ರ ಹೋಗ್ಬೇಕು.

ಕೊರಿಯನ್‌ನಲ್ಲಿ ಈ ಕಾಟ ಇಲ್ಲ.

ಧಾರವಾಡ_ಫೇಡೆ
ಇಲ್ಲ ಅನ್ನಬ್ಯಾಡ್ರಿ! ದಲ್ ಅಂದ್ರ ಚಂದ್ರ, ತ್ಹಲ್ ಅಂದ್ರ ಮುಖವಾಡ, ತ್ತಲ್ ಅಂದ್ರ ಮಗಳು. ನಮ್ಮ ದ, ಥ ಅಂದ್ಕೊಂಡು ಹೋದ್ರ ಆಗೋದಿಲ್ಲ. ಅವರಿಗೆ ಘೋಷ-ಅಘೋಷ ಭೇದನ ಇಲ್ಲ, ಪದದ ಮೊದಲಿಗೆ ಬಂದ ದ ನಮ್ಮ ಕಿವಿಗೆ ತ ಕೇಳಿಸ್ತದ. 2000ದಾಗ ಇಂಗ್ಲಿಷ್ ಕಾಗುಣಿತ ಬದಲಿಸಿದ್ರು, ಪುಸಾನ್ ಅಂತಿದ್ದದ್ದು ಬುಸಾನ್ ಆತು. ಊರು ಅದ, ಸಪ್ಪಳ ಅದ.

ಸೀಗೆಬೇಲಿ
ಇನ್ನೊಂದು ಸ್ವಾರಸ್ಯ. ಸೋಲ್‌ನ ಹರೆಯದವರು ಈಗ ದಲ್, ತ್ಹಲ್ ಎರಡನ್ನೂ ಹೆಚ್ಚುಕಮ್ಮಿ ಒಂದೇ ಉಸಿರಲ್ಲಿ ಹೇಳ್ತಾರೆ, ಬೇರೆ ಮಾಡೋದು ಸ್ವರದ ಏರಿಳಿತದಿಂದ. ಮೊದಲನೇದು ತಗ್ಗು, ಎರಡನೇದು ಎತ್ತರ. ಧ್ವನಿವಿಜ್ಞಾನಿಗಳು ಇದನ್ನ ಅಳೆದು ತೋರಿಸಿದ್ದಾರೆ. ಒಂದು ಭಾಷೆಗೆ ಟೋನ್ ಹುಟ್ಟೋದನ್ನ ನಮ್ಮ ಕಾಲದಲ್ಲೇ ನೋಡೋ ಅವಕಾಶ. 15ನೇ ಶತಮಾನದ ಕೊರಿಯನ್‌ನಲ್ಲಂತೂ ಸ್ವರಭಾರಕ್ಕೆ ಅಕ್ಷರದ ಪಕ್ಕ ಚುಕ್ಕೆ ಇಡ್ತಿದ್ರು. ಬುಸಾನ್, ದೆಗು ಕಡೆಯ ಆಡುಮಾತಲ್ಲಿ ಅದು ಈಗಲೂ ಉಳಿದಿದೆ. "ಗಾಗಾ ಗಾಗಾ?" ಅಂತ ಅಲ್ಲಿಯವರ ಹಳೇ ತಮಾಷೆ ಒಂದಿದೆ, "ಅವನೇ ಇವನಾ?" ಅಂತ ಅರ್ಥ. ಸೋಲ್‌ನವರಿಗೂ ತಿಳಿಯಲ್ಲ.

ಬನವಾಸಿಯ_ಮರಿದುಂಬಿ
ಇಷ್ಟು ಹೊತ್ತಾದ್ರೂ ಲಿಪಿ ಬಗ್ಗೆ ಯಾರೂ ಮಾತೆತ್ತಿಲ್ಲ! ಬರ್ಮೀಸ್ ಲಿಪಿ ನಮ್ಮ ಕದಂಬ ಲಿಪಿಯಿಂದ ಹುಟ್ಟಿದ್ದು. ಗ ಅಕ್ಷರ ನೋಡಿ, ತಲೆಕಟ್ಟು ತೆಗೆದ್ರೆ ನಮ್ಮ ಗ. ಕ ಖ ಗ ಘ ಙ ವರ್ಗ ಅದೇ, ಕ್ರಮ ಅದೇ. ಕನ್ನಡಿಗರು ಬರ್ಮೀಸ್ ಕಲೀಬೇಕಾದ್ದೇ ಸರಿ. ಅಣ್ಣ-ತಮ್ಮಂದಿರ ಲಿಪಿ.

ಗೋಳಗುಮ್ಮಟ
ಕದಂಬ ಅನ್ನೋರೂ ಅದಾರ, ಪಲ್ಲವ ಅನ್ನೋರೂ ಅದಾರ. ಬರ್ಮಾದಾಗ ಪ್ಯೂ ಅನ್ನೊ ಹಳೇ ಜನರ ಶ್ರೀಕ್ಷೇತ್ರ ಅಂತ ಪಟ್ಟಣ, ಈಗಿನ ಪ್ಯೇ ಊರಿನ ಹತ್ರ. ಅಲ್ಲಿ ಚಿನ್ನದ ತಗಡಿನ ಮ್ಯಾಲೆ ಪಾಳಿ ಬರೆದದ್ದು ಸಿಕ್ಕಾವ, 5-6ನೇ ಶತಮಾನದ್ದು. ಆ ಕಾಲಕ್ಕ ಕದಂಬ, ಪಲ್ಲವ ಲಿಪಿಗಳು ಎಷ್ಟು ಹತ್ರ ಇದ್ದೂ ಅಂದ್ರ ಬ್ಯಾರೆ ಮಾಡಿ ಹೇಳೋದ ಕಷ್ಟ. ದಕ್ಷಿಣ ಭಾರತದ್ದು ಅನ್ನೋದರಾಗ ಜಗಳಿಲ್ಲ. ಬರ್ಮೀಸ್ ಭಾಷೆಯ ಹೆಸರಾಂತ ಹಳೇ ಶಾಸನ ಮ್ಯಾಜೇದಿ, 1113ರದ್ದು, ಬಗಾನ್‌ದಾಗ ಅದ. ಒಂದ ಕಂಬದ ಮ್ಯಾಲೆ ಪ್ಯೂ, ಮೋನ್, ಬರ್ಮೀಸ್, ಪಾಳಿ ನಾಲ್ಕೂ ಭಾಷೆ. ಬರೆಸಿದವನ ಹೆಸರು ರಾಜಕುಮಾರ.

ಮಾವಿನ_ಓಟೆ
ಅಣ್ಣಾವ್ರು ಅಲ್ಲೂ ಇದ್ರಾ!!

ಗೋಳಗುಮ್ಮಟ
ಅವರ ಬಾಯಾಗ "ಯಾಝಕುಮಾ" ಆಗ್ಯದ. ರ ಅಕ್ಷರಕ್ಕ ಯ, ಜ ಅಕ್ಷರಕ್ಕ ಝ, ಸ ಅಕ್ಷರಕ್ಕ ನಾಲಿಗಿ ಹಲ್ಲಿಗೆ ಹಚ್ಚಿದ ಥ. ಅದಕ್ಕ ನಮ್ಮ ಭಾಷಾ ಅಲ್ಲಿ "ಬಾಥಾ". ರಂಗೂನ್ ಯಾಂಗೋನ್ ಆದದ್ದೂ ಈ ರ-ಯ ದಾರಿಯಿಂದನ.

ವ್ಯಾಕರಣ_ವೈರಿ
ಹಾಗಾಗಿ ಲಿಪಿ ಬಂತು ಅಂತ ಓದೋಕೆ ಬರುತ್ತೆ ಅಂದ್ಕೊಬೇಡಿ. ಬರ್ಮೀಸ್ ಕಾಗುಣಿತ ನೂರಾರು ವರ್ಷದ ಹಿಂದಿನ ಉಚ್ಚಾರ ಹಿಡಿದುಕೊಂಡು ಕೂತಿದೆ. ಆರು ಅಂತ ಬರೆಯೋದು "ಖ್ರೋಕ್", ಹೇಳೋದು "ಚಾವ್'". ಕನ್ನಡ ಪತ್ರಿಕೆಗಳು ಆಂಗ್ ಸಾನ್ ಸೂ ಕಿ ಅಂತ ಬರೀತಾ ಬಂದವು. ಹೇಳೋದು "ಸೂ ಚೀ". ತಂದೆ ಆಂಗ್ ಸಾನ್, ಅಜ್ಜಿ ಸೂ, ತಾಯಿ ಖಿನ್ ಚೀ, ಮೂವರ ಹೆಸರಿನ ತುಣುಕು ಸೇರಿಸಿ ಇಟ್ಟದ್ದು. ಅವರಲ್ಲಿ ಮನೆತನದ ಹೆಸರೇ ಇಲ್ಲ. 1961ರಿಂದ 71ರವರೆಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಗಿದ್ದ ಊ ಥಾಂಟ್ ಅವರ "ಊ" ಕೂಡ ಹೆಸರಲ್ಲ, ಹಿರಿಯರಿಗೆ ಹಚ್ಚೋ ಗೌರವದ ಪದ.

ಕೊರಿಯನ್ ಲಿಪಿ ಇದಕ್ಕೆ ಪೂರ್ತಿ ತದ್ವಿರುದ್ಧ. ಸೆಜೋಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಹೊರಗೆ ತಂದದ್ದು. ಆಗ 28 ಅಕ್ಷರ, ಈಗ 24. ಕ ಹೇಳುವಾಗ ನಾಲಿಗೆಯ ಬುಡ ಗಂಟಲು ಮುಚ್ಚೋ ಆಕಾರ, ನ ಹೇಳುವಾಗ ನಾಲಿಗೆ ತುದಿ ಮೇಲೇರೋ ಆಕಾರ, ಅದನ್ನೇ ಗೆರೆಯಾಗಿ ಬರೆದಿದ್ದಾರೆ. ಹೇಗೆ ಮಾಡಿದ್ರು ಅನ್ನೋ ವಿವರಣೆಯ ಪ್ರತಿ 1940ರಲ್ಲಿ ಸಿಕ್ಕಿತು. ಅಕ್ಟೋಬರ್ 9ಕ್ಕೆ ಅಲ್ಲಿ ಲಿಪಿಗೇ ಒಂದು ಹಬ್ಬ.

ಬನವಾಸಿಯ_ಮರಿದುಂಬಿ
ಆ ಕಂಠ್ಯ, ದಂತ್ಯ, ಓಷ್ಠ್ಯ ವಿಂಗಡಣೆ ಮೊದಲು ಮಾಡಿದ್ದು ಯಾರು? ನಮ್ಮ ಶಿಕ್ಷಾ ಗ್ರಂಥಗಳು. ಬೌದ್ಧ ಪಂಡಿತರ ಜೊತೆ ಅದು ಚೀನಕ್ಕೆ ಹೋಯ್ತು, ಚೀನೀ ಧ್ವನಿಶಾಸ್ತ್ರ ಓದಿಯೇ ಸೆಜೋಂಗ್ ಲಿಪಿ ಮಾಡಿದ್ದು. ಹಾಗೆ ನೋಡಿದ್ರೆ ಅದೂ...

ಮಾವಿನ_ಓಟೆ
...ಕದಂಬರದ್ದು.

ನುಡಿ_ಬರಹ_ಜಗಳ
ಲಿಪಿ ಮಾತು ಬಂತಲ್ಲ, ಬರ್ಮೀಸ್ ಟೈಪಿಂಗ್ ಗೋಳು ಕೇಳಿದ್ರೆ ನಮ್ಮ ನುಡಿ-ಬರಹ-ಯೂನಿಕೋಡ್ ಜಗಳ ಏನೂ ಅಲ್ಲ ಅನಿಸುತ್ತೆ. ಅಲ್ಲಿ ಝಾಜಿ ಅಂತ ಫಾಂಟ್ ಮನೆಮಾತಾಗಿತ್ತು. ಯೂನಿಕೋಡ್ ಬರ್ಮೀಸ್‌ಗೆ ಕೊಟ್ಟ ಸಂಕೇತಗಳನ್ನೇ ಹಿಡಿದು, ಅದರೊಳಗೆ ತನಗೆ ಬೇಕಾದ ಹಾಗೆ ಅಕ್ಷರ ಜೋಡಿಸಿಕೊಂಡಿತ್ತು. ನಮ್ಮ ಹಳೇ ನುಡಿ ಕಡತ ಫಾಂಟ್ ಇಲ್ಲದೆ ತೆರೆದ್ರೆ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತೆ, ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತೆ. ಅವರಿಗೆ ಬರ್ಮೀಸ್ ಅಕ್ಷರವೇ ಕಾಣುತ್ತೆ, ಆದ್ರೆ ಕಲಸಿಹೋಗಿರುತ್ತೆ. 2019ರ ಅಕ್ಟೋಬರ್ 1ರಿಂದ ಇಡೀ ದೇಶ ಯೂನಿಕೋಡ್‌ಗೆ ಬದಲಾಗಬೇಕು ಅಂತ ದಿನ ಗೊತ್ತುಮಾಡಿದ್ರು. ಕಲಿಯೋರು ಹಳೇ ಜಾಲತಾಣದಿಂದ ಪದ ನಕಲು ಮಾಡಿ ನಿಘಂಟಲ್ಲಿ ಹುಡುಕಿದ್ರೆ ಸಿಗಲ್ಲ, ಮೊದಲು ಪರಿವರ್ತಕಕ್ಕೆ ಹಾಕಿ.

ಇನ್ನೊಂದು ತೊಂದರೆ: ಅವರು ಪದಗಳ ನಡುವೆ ಜಾಗ ಬಿಡಲ್ಲ, ಪದಪುಂಜಗಳ ನಡುವೆ ಮಾತ್ರ. ಕೊರಿಯನ್ನರು ನಮ್ಮ ಹಾಗೆ ಬಿಡ್ತಾರೆ.

ಚೆನ್ನೈ_ಚಿತ್ರಾನ್ನ
ವಿಷಯಾಂತರಕ್ಕೆ ಕ್ಷಮೆ ಇರಲಿ. ಇಲ್ಲಿ ಬರ್ಮಾ ಬಜಾರ್ ಸುತ್ತಮುತ್ತ ಗಾಡಿಗಳಲ್ಲಿ "ಅತ್ತೋ" ಅಂತ ಸಿಗುತ್ತೆ. ನೂಡಲ್ಸ್‌ಗೆ ಎಲೆಕೋಸು, ಹುರಿದ ಈರುಳ್ಳಿ, ಹುಣಸೆ ನೀರು ಹಾಕಿ ಕೈಯಲ್ಲೇ ಕಲಸಿ ಕೊಡ್ತಾರೆ. ಬರ್ಮಾದಿಂದ ವಾಪಸ್ ಬಂದ ತಮಿಳರು ತಂದ ತಿಂಡಿ. ಬರ್ಮೀಸ್‌ನಲ್ಲಿ "ಅಥೋ'" ಅಂದ್ರೆ ಕೈಯಲ್ಲಿ ಕಲಸಿದ್ದು. ಕೊರಿಯನ್ ಬಿಬಿಂಬಾಪ್‌ನ "ಬಿಬಿಮ್" ಕೂಡ ಕಲಸೋದೇ. ಎರಡರಲ್ಲಿ ಅತ್ತೋಗೇ ನನ್ನ ಓಟು.

ಧಾರವಾಡ_ಫೇಡೆ
ಗಿರ್ಮಿಟ್‌ಗೆ ಓಟು ಹಾಕೋರು ಯಾರೂ ಇಲ್ಲೇನ್ರಿ?

ಸೀಗೆಬೇಲಿ
ಮರ್ಯಾದೆ ವಿಷಯಕ್ಕೆ ಬರ್ತೀನಿ, ಕಲಿಯೋರು ನಿಜವಾಗಿ ಎಡವೋದು ಅಲ್ಲೇ. ಕೊರಿಯನ್‌ನಲ್ಲಿ ಯಾರ ಹತ್ರ ಮಾತಾಡ್ತಿದೀರಿ ಅನ್ನೋದರ ಮೇಲೆ ಕ್ರಿಯಾಪದದ ಬಾಲ ಬದಲಾಗುತ್ತೆ, ಯಾರ ಬಗ್ಗೆ ಅನ್ನೋದರ ಮೇಲೆ ನಡುವೆ "ಶಿ" ಸೇರುತ್ತೆ. ಗೆಳೆಯನ ಹತ್ರ ಅಜ್ಜಿ ಬಗ್ಗೆ ಹೇಳುವಾಗ ಒಂದೇ ಪದದಲ್ಲಿ ಸಲಿಗೆ, ಗೌರವ ಎರಡೂ ಬರಬೇಕು. ನಮ್ಮ "ಅಜ್ಜಿ ಬಂದ್ರು ಕಣೋ" ಥರ. "ಬಂದ್ರು" ಅಜ್ಜಿಗೆ, "ಕಣೋ" ಗೆಳೆಯನಿಗೆ.

ಬರ್ಮೀಸ್‌ನಲ್ಲಿ ಕ್ರಿಯಾಪದದ ಗೋಜು ಕಡಿಮೆ, "ಪಾ" ಅಂತ ಒಂದು ಸೇರಿಸಿದ್ರೆ ವಿನಯ ಬಂತು. ಭಾರ ಎಲ್ಲ ಸರ್ವನಾಮದ ಮೇಲೆ. "ನಾನು" ಅನ್ನೋಕೆ ಗಂಡಸು "ಚನೊ", ಹೆಂಗಸು "ಚಮ". "ನೀವು" ಅನ್ನೋಕೂ ಗಂಡಸು "ಖಿಂಬ್ಯಾ", ಹೆಂಗಸು "ಶಿನ್". ಎದುರಿಗೆ ಇರೋರು ಯಾರು ಅನ್ನೋದಕ್ಕಲ್ಲ, ಹೇಳೋರು ಯಾರು ಅನ್ನೋದಕ್ಕೆ ಬದಲಾಗೋದು. ಭಿಕ್ಷುಗಳಿಗೆ ಬೇರೆಯದೇ ಕ್ರಿಯಾಪದಗಳು: ಊಟಕ್ಕೆ, ನಿದ್ದೆಗೆ, ಸಾವಿಗೆ. ನಾವು ಸ್ವಾಮಿಗಳು ಸತ್ತರು ಅಂತೀವಾ? ಲಿಂಗೈಕ್ಯರಾದರು, ಬೃಂದಾವನಸ್ಥರಾದರು.

ನೆಂಟರ ಹೆಸರಲ್ಲೂ ಒಂದು ಮಜಾ. ಕೊರಿಯನ್‌ನಲ್ಲಿ ಅಣ್ಣನಿಗೆ ಹುಡುಗಿ "ಒಪ್ಪಾ" ಅಂತಾಳೆ, ಹುಡುಗ "ಹ್ಯೊಂಗ್" ಅಂತಾನೆ, ತಮ್ಮ ಮಾತ್ರ ಇಬ್ಬರಿಗೂ ಒಂದೇ. ಬರ್ಮೀಸ್‌ನಲ್ಲಿ ಅಣ್ಣ ಇಬ್ಬರಿಗೂ ಒಂದೇ, ತಮ್ಮನಿಗೆ ಅಕ್ಕ "ಮಾಂಗ್" ಅಂತಾಳೆ, ಅಣ್ಣ "ನ್ಯಿ" ಅಂತಾನೆ.

ಹಂಪೆ_ಹಕ್ಕಿ
ಅಬ್ಬಾ! ಅವಳು ನನ್ನ ತಮ್ಮನ ಫೋಟೊ ನೋಡಿ ಯಾವಾಗ್ಲೂ "ನಿನ್ನ ಮಾಂಗ್" ಅನ್ನೋಳು, ಅದು ಏನೋ ಅಡ್ಡಹೆಸರು ಅಂದ್ಕೊಂಡಿದ್ದೆ.

ಅವಳ ಊರಲ್ಲಿ ಕೊರಿಯನ್ ಕಲಿಯೋರು ಬಹಳ ಅಂತೆ. 2004ರಲ್ಲಿ ಶುರುವಾದ ಕೆಲಸದ ಪರವಾನಗಿ ಯೋಜನೆಯಲ್ಲಿ ಕೊರಿಯಾ ಮ್ಯಾನ್ಮಾರ್‌ನಿಂದಲೂ ಕಾರ್ಮಿಕರನ್ನ ತಗೊಳುತ್ತೆ, ಅದಕ್ಕೆ ಭಾಷಾ ಪರೀಕ್ಷೆ ಪಾಸಾಗಲೇಬೇಕು. ಅವಳ ಅಣ್ಣ ಹಾಗೇ ಬಂದವನು.

ಪೆನುಕೊಂಡ_ಪಯಣಿಗ
ಹೊಟ್ಟೆಪಾಡಿನ ಮಾತು ಬಂತು ಅಂತ ಬರೀತಿದೀನಿ. ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಪೆನುಕೊಂಡದ ಹತ್ರ ಕಿಯಾ ಕಾರ್ಖಾನೆ ಬಂದ ಮೇಲೆ ಸುತ್ತ ಬಿಡಿಭಾಗ ಮಾಡೋ ಕಂಪನಿಗಳಲ್ಲಿ ಕೊರಿಯನ್ ದುಭಾಷಿಗಳಿಗೆ ಕೆಲಸ ಇದೆ. ನಾನು ಅಂಥ ಒಂದು ಕಡೆ ಇದೀನಿ. ಕೆಲಸ ಬೇಕು ಅಂದ್ರೆ ಕೊರಿಯನ್. ಕುತೂಹಲಕ್ಕೆ ಅಂದ್ರೆ ಬರ್ಮೀಸ್. ಲಂಡನ್ನಿನ ಸೋಯಾಸ್ ವಿಶ್ವವಿದ್ಯಾಲಯದಲ್ಲಿ ಬರ್ಮೀಸ್ ಕಲಿಸ್ತಿದ್ದ ಜಾನ್ ಓಕೆಲ್ ಅವರ ಧ್ವನಿಪಾಠಗಳು ಉಚಿತವಾಗಿ ಸಿಗುತ್ತವೆ, ಸ್ವರ ಕಿವಿಗೆ ಬೀಳೋವರೆಗೆ ಲಿಪಿಗೆ ಕೈ ಹಾಕ್ಬೇಡಿ ಅಂತ ನನ್ನ ಸಲಹೆ.

ಕುಡ್ಲ_ಕಡಲು
ನಮ್ಮ ಅಕ್ಕನ ಮಗ ಡಿಪ್ಲೊಮಾ ಮುಗಿಸಿದ್ದಾನೆ. ಟೋಪಿಕ್ (ಕೊರಿಯನ್ ಭಾಷಾ ಪರೀಕ್ಷೆ) ಎಷ್ಟನೇ ಹಂತ ಆದ್ರೆ ನಿಮ್ಮಲ್ಲಿ ತಗೊಳ್ತಾರೆ?

ಪೆನುಕೊಂಡ_ಪಯಣಿಗ
ಮೊದಲ ಪರೀಕ್ಷೆ 1, 2ನೇ ಹಂತಕ್ಕೆ, ಎರಡನೇ ಪರೀಕ್ಷೆ 3ರಿಂದ 6ಕ್ಕೆ. ನಮ್ಮಲ್ಲಿ 4 ಇದ್ರೆ ಮಾತಾಡಿಸ್ತಾರೆ. ಪ್ರಮಾಣಪತ್ರಕ್ಕಿಂತ ಎಣಿಕೆ ಗಟ್ಟಿ ಮಾಡ್ಕೊಳ್ಳೋಕೆ ಹೇಳಿ. ಗಂಟೆಗೆ ಸ್ವಂತ ಎಣಿಕೆ, ನಿಮಿಷಕ್ಕೆ ಚೀನೀ ಎಣಿಕೆ. ಹನ್ನೆರಡು ಗಂಟೆ ಹನ್ನೆರಡು ನಿಮಿಷ ಅಂದ್ರೆ "ಯೊಲ್‌ದು ಶಿ ಶಿಬಿ ಬುನ್". ಒಂದೇ ವಾಕ್ಯದಲ್ಲಿ ಎರಡು ಹನ್ನೆರಡು. ಪೆಟ್ಟಿಗೆಗಳ ಲೆಕ್ಕ ಒಂದರಲ್ಲಿ, ಬೆಲೆ ಇನ್ನೊಂದರಲ್ಲಿ. ಸಂದರ್ಶನದಲ್ಲಿ ಇದನ್ನೇ ಕೇಳ್ತಾರೆ. ಅವನಿಗೆ ನನಗೊಂದು ಸಂದೇಶ ಹಾಕೋಕೆ ಹೇಳಿ.

ಬನವಾಸಿಯ_ಮರಿದುಂಬಿ
ಪಲ್ಲವ ಅನ್ನೋರಿಗೆ ನನ್ನ ಒಂದು ಪ್ರಶ್ನೆ ಹಾಗೇ ಉಳಿದಿದೆ. ಹಲ್ಮಿಡಿ ಶಾಸನದ ಅಕ್ಷರಕ್ಕೂ ಆ ಚಿನ್ನದ ತಗಡಿನ ಅಕ್ಷರಕ್ಕೂ...

ನಿರ್ವಾಹಕ
ಕದಂಬ-ಪಲ್ಲವ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ, ಮರಿದುಂಬಿ ಅವರು ಅಲ್ಲಿಗೆ ಬರಬೇಕು. ಬರುವಾಗ ಶಾಸನದ ಫೋಟೊ ತನ್ನಿ, ವಾಟ್ಸಾಪ್ ಫಾರ್ವರ್ಡ್ ಬೇಡ. ಅತ್ತೋ, ಗಿರ್ಮಿಟ್ ವಿಷಯ ಅಡುಗೆ ವಿಭಾಗಕ್ಕೆ.